ಕೌದಳ್ಳಿಯ ಗೋಣಿಮರಕ್ಕೆ ಒಂದು ಮಳೆಗಾಲ

ಇಲಾಖೆಗೆ ಹೊಸದಾಗಿ ಸೇರುವವರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ಕೇಳಿದಾಗ, ನನ್ನ ನೆನಪನ್ನು ಅಷ್ಟಾಗಿ ನಂಬಬೇಡಿ ಎಂದೇ ನಾನು ಮೊದಲು ಹೇಳಿದ್ದು. ಇದು ವಿನಯದ ಮಾತಲ್ಲ. ನಿವೃತ್ತಿಯಾದ ಮೇಲೆ ಒಮ್ಮೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಯಳಂದೂರಿನ ಕಚೇರಿಯ ಹಿತ್ತಲಲ್ಲಿದ್ದದ್ದು ಮಳೆಮರ ಎಂದು ನಾನು, ಅಲ್ಲ, ಮಾವು ಎಂದು ಅವರು ಅರ್ಧ ದಿನ ವಾದ ಮಾಡಿದೆವು. ಇಬ್ಬರೂ ಆ ಮರದ ಕಾಂಡವನ್ನು ಕೈಯಾರೆ ಕೆತ್ತಿದವರು. ಇಬ್ಬರಲ್ಲಿ ಒಬ್ಬರ ಕೈಯಾದರೂ ಸುಳ್ಳು ಹೇಳುತ್ತಿರಬೇಕು. ಆದ್ದರಿಂದ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎನ್ನುವುದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ, ಅದನ್ನು ಬಿಡುತ್ತೇನೆ.

ನಾನು ಓದಿದ್ದು ಕೃಷಿ ಪದವಿ. ನಮ್ಮ ಪಠ್ಯಗಳೆಲ್ಲ ಚಳಿ ದೇಶದವು. ಹಿಮ ಬಿದ್ದು ಮರದ ತೊಗಟೆ ಸೀಳುವುದರ ಬಗ್ಗೆ ಒಂದು ಅಧ್ಯಾಯವೇ ಇತ್ತು, ಕೊಳ್ಳೇಗಾಲದ ಬಿಸಿಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೆಲಸಕ್ಕೆ ಸೇರಿದಾಗ ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಯ ಕಾಗದಗಳು ಇಂಗ್ಲಿಷಿನಲ್ಲಿ, ಅಂಚಿನಲ್ಲಿ ಗೀಚಿದ ಷರಾ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ. ರಸ್ತೆ ಬದಿಯ ಸಾಲುಮರಗಳು, ಕಚೇರಿ ಆವರಣದ ಮರಗಳು, ಪ್ರವಾಸಿ ಬಂಗಲೆಯ ಮರಗಳು ಇವುಗಳ ಯೋಗಕ್ಷೇಮ ನಮ್ಮದು. ಕಡಿಯಬೇಕು ಎನ್ನುವವರು ನಮ್ಮ ಅಭಿಪ್ರಾಯ ಕೇಳಬೇಕಿತ್ತು. ಕೇಳುತ್ತಿದ್ದರು, ಕೆಲವೊಮ್ಮೆ ಕಡಿದ ಮೇಲೆ.

ನನ್ನ ಮೇಲಧಿಕಾರಿ ವರದನ್ ಎಂಬವರು. ಮದರಾಸಿನ ಕಾಲದಿಂದ ಅಲ್ಲೇ ಉಳಿದವರು. ಬಿಳಿ ಷರಟು, ಬಿಸಿಲಿರಲಿ ಬಿಡಲಿ ಕೈಯಲ್ಲೊಂದು ಕೊಡೆ. ಅವರಿಗೆ ಡಾಂಬರಿನ ಮೇಲೆ ಇದ್ದ ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ಕೊಂಬೆ ಮುರಿದರೆ ಡಾಂಬರು, ತೊಗಟೆ ಬಿರಿದರೆ ಡಾಂಬರು, ಪೊಟರೆಯಾದರೆ ಇಟ್ಟಿಗೆ ಚೂರು, ಸಿಮೆಂಟು ತುಂಬಿ ಅದರ ಮೇಲೆ ಡಾಂಬರು. ಅವರನ್ನು ದೂರುತ್ತಿಲ್ಲ. ಆ ಕಾಲದ ಎಲ್ಲ ಕೈಪಿಡಿಗಳೂ ಅದನ್ನೇ ಹೇಳುತ್ತಿದ್ದವು.

ಯಳಂದೂರಿನ ಆ ಮರ, ಮಳೆಮರವೋ ಮಾವೋ, ಬಹುಕಾಲ ಪಕ್ಕದ ದೊಡ್ಡ ಮರವೊಂದರ ನೆರಳಲ್ಲಿ ಬೆಳೆದದ್ದು. ಪಕ್ಕದ್ದನ್ನು ಕಟ್ಟಡಕ್ಕಾಗಿ ಕಡಿದರು. ಜೀವಮಾನದಲ್ಲಿ ಸಂಜೆ ಬಿಸಿಲು ಕಾಣದಿದ್ದ ಕಾಂಡಕ್ಕೆ ಆ ಬೇಸಗೆ ಪೂರ್ತಿ ಪಡುವಣ ಬಿಸಿಲು ನೇರವಾಗಿ ಹೊಡೆಯಿತು. ಆ ಬದಿಯ ತೊಗಟೆ ಮೊದಲು ಬಣ್ಣಗೆಟ್ಟಿತು, ಆಮೇಲೆ ಒಳಕ್ಕೆ ಕುಸಿದು ಉದ್ದಕ್ಕೆ ಬಿರಿಯಿತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ವರದನ್ ಡಾಂಬರು ಹಚ್ಚಿಸಿದರು. ಕಪ್ಪು ಬಣ್ಣ ಬಿಸಿಲನ್ನು ಕುಡಿಯುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಆದರೆ ಅದನ್ನು ಆಗ ಯಾರೂ ಯೋಚಿಸಲಿಲ್ಲ. ಸತ್ತ ಭಾಗ ಬೇಲಿಯ ಬೆಂಕಿಯಂತೆ ಎರಡೂ ಬದಿಗೆ ಹರಡಿತು. ಅದೇ ಹಿತ್ತಲಲ್ಲಿ ಹಾಗೇ ಬೆಂದ ಇನ್ನೊಂದು ಮರವಿತ್ತು. ಅದರ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು. ಗೋಡೆಗೆ ಸುಣ್ಣ ಬಳಿಯುತ್ತಿದ್ದವರು ಉಳಿದ ಸುಣ್ಣವನ್ನು ಅದಕ್ಕೆ ಬಳಿದು ಹೋದರು. ಆ ಮರದ ಗಾಯದ ಅಂಚು ಮುಂದಿನ ಮಳೆಗೆ ಉಬ್ಬಿಕೊಂಡು ಬಂತು. ನಾನು ವರದನ್ ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕೊಡೆಯ ತುದಿಯಿಂದ ಆ ಮರವನ್ನು ಮುಟ್ಟಿ ನೋಡಿ, "ಈ ಮರಕ್ಕೆ ಮೊದಲಿಂದಲೂ ಏನೂ ಆಗಿರಲಿಲ್ಲ ಅಪ್ಪಾ" ಎಂದರು.

ಅವರ ಮಾತು ಸರಿಯಿದ್ದರೂ ಇರಬಹುದು. ಎರಡು ಮರಗಳಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಆಮೇಲೆ ನಾನು ಡಾಂಬರಿನ ಡಬ್ಬಿಯನ್ನು ಮುಟ್ಟಲಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಅದು ನಮ್ಮ ಕಚೇರಿಯ ಮೂಲೆ ಸೇರಿ ಅಲ್ಲೇ ಗಟ್ಟಿಯಾಯಿತು. ಯಾರಾದರೂ ಅದನ್ನು ಬೇಡ ಎಂದು ತೀರ್ಮಾನ ಮಾಡಿದ್ದು ನನಗೆ ಗೊತ್ತಿಲ್ಲ. ಹೆಚ್ಚಿನ ಬದಲಾವಣೆಗಳು ಹೀಗೇ ಆಗುತ್ತವೆ.

ಈಗ ಕೌದಳ್ಳಿಯ ವಿಷಯಕ್ಕೆ ಬರುತ್ತೇನೆ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು. ಮುಂಗಾರಿಗೆ ಮುಂಚೆ ಬರುವ ಗುಡುಗು ಸಿಡಿಲಿನ ಮಳೆಯಲ್ಲಿ ರಸ್ತೆ ಬದಿಯ, ಆಲದ ಜಾತಿಯ ದೊಡ್ಡ ಗೋಣಿಮರವೊಂದಕ್ಕೆ ಸಿಡಿಲು ಹೊಡೆದಿದೆ, ಬೆಟ್ಟದ ದೇವಸ್ಥಾನಕ್ಕೆ ನಡೆದು ಹೋಗುವ ಜನ ಅದರ ಕೆಳಗೇ ತಂಗುತ್ತಾರೆ, ಬೀಳುವ ಮುಂಚೆ ಕಡಿಯಬೇಕು, ಒಪ್ಪಿಗೆ ಕೊಡಿ ಎಂದು ರಸ್ತೆ ನೋಡಿಕೊಳ್ಳುವ ಇಂಜಿನಿಯರು ಹೇಳಿ ಕಳಿಸಿದ್ದರು. ವರದನ್ ನನ್ನನ್ನು ಕಳಿಸಿದರು. ಹೊರಡುವಾಗ ಡಾಂಬರು ಬೇಕೇ ಎಂದು ಕೇಳಿದರು. ವ್ಯಂಗ್ಯವೋ ಕಾಳಜಿಯೋ ತಿಳಿಯಲಿಲ್ಲ.

ಹನೂರು ದಾಟಿ ಕೌದಳ್ಳಿಯಲ್ಲಿ ಬಸ್ಸಿಳಿದಾಗ ಮರ ದೂರದಿಂದಲೇ ಕಂಡಿತು. ಊರಿನ ಹೊರಗೆ ರಸ್ತೆಯ ಮೇಲೆ ಪೂರ್ತಿ ಚಪ್ಪರ ಹಾಕಿದಂಥ ಮರ. ಪಡುವಣ ಬದಿಯಲ್ಲಿ ಮೇಲಿನ ಕವಲಿನಿಂದ ಬೇರಿನವರೆಗೆ ತೊಗಟೆ ಕಿತ್ತುಹೋಗಿ, ಬೋಳು ಪಟ್ಟಿಯೊಂದು ಕಾಂಡವನ್ನು ಸ್ವಲ್ಪ ಸುತ್ತಿಕೊಂಡು ಇಳಿದಿತ್ತು. ಸಿಡಿಲು ತೊಗಟೆಯ ಕೆಳಗಿನ ನೀರನ್ನು ಒಂದೇ ಕ್ಷಣದಲ್ಲಿ ಆವಿ ಮಾಡುತ್ತದೆ, ತೊಗಟೆ ಒಳಗಿನಿಂದ ಸಿಡಿಯುತ್ತದೆ. ಚಕ್ಕೆಗಳು ರಸ್ತೆಯ ಆಚೆಯ ಹೊಲದವರೆಗೂ ಹಾರಿದ್ದವಂತೆ. ನಾನು ಹೋಗುವ ಹೊತ್ತಿಗೆ ಅವನ್ನು ಯಾರೋ ಆರಿಸಿಕೊಂಡು ಹೋಗಿದ್ದರು.

ಮರದ ಮೂಡಣ ಬದಿಯಲ್ಲಿ, ಬುಡಕ್ಕೆ ಆನಿಕೊಂಡು, ಎತ್ತುಗಳಿಗೆ ಲಾಳ ಹೊಡೆಯುವ ಚಿಕ್ಕಮಾದನ ಜಾಗ. ಅವನ ಅಪ್ಪನೂ ಅಲ್ಲೇ ಕೂತು ಲಾಳ ಹೊಡೆದವನು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲೂ ಕಟ್ಟಿ ಮಾಡುವ ಕೆಲಸ ಇದು. ಕಾದ ನೆಲದ ಮೇಲೆ ಎತ್ತು ಮಲಗುವುದಿಲ್ಲ, ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ನೆರಳಿಲ್ಲದೆ ಈ ಕಸುಬಿಲ್ಲ. ಸವೆದ ಲಾಳಗಳನ್ನು ಅಪ್ಪ ಮಗ ಇಬ್ಬರೂ ಮರದ ಕಾಂಡಕ್ಕೇ ಮೊಳೆ ಹೊಡೆದು ತೂಗುಹಾಕುತ್ತ ಬಂದಿದ್ದರು. ಬಂಡಿಯವರಿಗೆ ದೂರದಿಂದ ಕಾಣಲೆಂದು. ಹಳೆಯ ಮೊಳೆಗಳು ತೊಗಟೆಯೊಳಗೆ ಮುಳುಗಿಯೇ ಹೋಗಿದ್ದವು.

ಸಿಡಿಲು ಹೊಡೆದಾಗ ಮರಕ್ಕೆ ಒಂದು ಎತ್ತು ಕಟ್ಟಿತ್ತು. ಊರಿನ ದೊಡ್ಡ ಹಿಡುವಳಿದಾರ ನಂಜುಂಡಪ್ಪನವರದು. ಅವತ್ತು ಲಾಳ ಹೊಡೆದು ಮುಗಿದಿತ್ತು. ಮಳೆ ಜೋರಾಯಿತೆಂದು ಆಳೂ ಚಿಕ್ಕಮಾದನೂ ಶಾಲೆಯ ಜಗಲಿಗೆ ಓಡಿದ್ದರು. ಎತ್ತು ನಿಂತ ಕಡೆಯೇ ಸತ್ತಿತು. ಮನೆಯಲ್ಲೇ ಹುಟ್ಟಿ ಬೆಳೆದ ಜೋಡಿಯಲ್ಲಿ ಒಂದು.

ಕಬ್ಬಿಣ ಸಿಡಿಲನ್ನು ಕರೆಯಿತು ಎಂದು ನಂಜುಂಡಪ್ಪನವರು ಹೇಳಿದರು. ಅವರು ಕೆಟ್ಟವರಲ್ಲ. ಚಿಕ್ಕಮಾದನನ್ನು ಬಯ್ಯಲಿಲ್ಲ, ಓಡಿಸಿ ಎಂದೂ ಹೇಳಲಿಲ್ಲ. ತಮ್ಮ ಜಗಲಿಗೆ ಬಂದವರಿಗೆ ತಮಗೆ ಅನ್ನಿಸಿದ್ದನ್ನು ಹೇಳಿದರು, ಉಳಿದ ಎತ್ತುಗಳನ್ನು ಲಾಳಕ್ಕೆ ಹನೂರಿಗೆ ಹೊಡೆಸಿದರು. ಅಷ್ಟೇ ಸಾಕಾಯಿತು. ಅವರು ಹೋದ ದಾರಿಯಲ್ಲಿ ಊರೇ ಹೋಯಿತು. ನಾನು ಹೋದ ದಿನ ಚಿಕ್ಕಮಾದ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ನಾನು ಮರವನ್ನು ಸುತ್ತಿ ನೋಡುವುದನ್ನೆಲ್ಲ ನೋಡಿ, ಕೊನೆಗೆ ಕೇಳಿದ.

"ಬದುಕ್ತದಾ ಸಾ?"

"ಈಗಲೇ ಹೇಳಕ್ಕಾಗಲ್ಲಪ್ಪ."

"ಒಣಗಿದ್ರೆ ನಾನೇ ಕೊಂದಂಗೆ ಆಯ್ತದೆ. ಎತ್ತು ಸತ್ತಿದ್ದು ಒಂದು, ಮರಾನೂ ಸತ್ರೆ ಎರಡು. ಆಮೇಕೆ ಈ ಊರ್ನಲ್ಲಿ ನಾನು ಎಂಗಿರಲಿ ಸಾ?"

ಮರ ಸುತ್ತುವಾಗ ನಾನು ಒಂದು ವಿಷಯ ಗಮನಿಸಿದ್ದೆ. ಸಿಡಿಲಿನ ಪಟ್ಟಿ ಪಡುವಣಕ್ಕಿತ್ತು, ಮೊಳೆಗಳು ಮೂಡಣಕ್ಕಿದ್ದವು. ಇದರಲ್ಲಿ ನನ್ನ ನೆನಪು ತಪ್ಪಿಲ್ಲವೆಂದೇ ಅಂದುಕೊಂಡಿದ್ದೇನೆ, ಏಕೆಂದರೆ ಪಟ್ಟಿಗೆ ಸಂಜೆ ಬಿಸಿಲು ಹೊಡೆಯುತ್ತದಲ್ಲ ಎಂದು ಚಿಂತೆ ಮಾಡಿದ್ದು ಚೆನ್ನಾಗಿ ನೆನಪಿದೆ.

ಇಂಜಿನಿಯರು ಕೊಳ್ಳೇಗಾಲದಲ್ಲಿ ಸಿಕ್ಕರು. ಒಂದು ಮಳೆಗಾಲ ಕೊಡಿ ಎಂದೆ. ಅಷ್ಟರಲ್ಲಿ ಯಾತ್ರಿಕನೊಬ್ಬನ ತಲೆಯ ಮೇಲೆ ಕೊಂಬೆ ಬಿದ್ದರೆ ಉತ್ತರ ಹೇಳುವವರು ಯಾರು ಎಂದರು. ನ್ಯಾಯವಾದ ಪ್ರಶ್ನೆ. ರಸ್ತೆಯ ಮೇಲೆ ಚಾಚಿದ ಒಣಕೊಂಬೆಗಳನ್ನು ತಕ್ಷಣ ಇಳಿಸುವುದು, ಉಳಿದದ್ದನ್ನು ದೀಪಾವಳಿಯ ಹೊತ್ತಿಗೆ ನೋಡುವುದು ಎಂದು ಒಪ್ಪಿದರು. ದೀಪಾವಳಿಗೆ ಬೆಟ್ಟಕ್ಕೆ ಹೋಗುವ ಜನ ಜಾಸ್ತಿ. ಅದಕ್ಕೆ ಮುಂಚೆ ಇತ್ಯರ್ಥವಾಗಬೇಕು.

ಇಂಥ ಮರಕ್ಕೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಹೊಸಬರು ಇದನ್ನು ಮೊದಲು ತಿಳಿಯಬೇಕು. ಕಿತ್ತ ತೊಗಟೆ ಹಸಿಯಾಗಿದ್ದಾಗಲೇ ಕೈಗೆ ಸಿಕ್ಕರೆ ಮತ್ತೆ ಒತ್ತಿ ಕಟ್ಟಬಹುದು, ಒಣಗಿದ ಮೇಲೆ ಆಗುವುದಿಲ್ಲ. ನಾನು ಹೋದಾಗ ಒಣಗಿತ್ತು. ಅಂಚಿನಲ್ಲಿ ಜೋತಾಡುತ್ತಿದ್ದ ಸಡಿಲ ತೊಗಟೆಯನ್ನು, ಎಲ್ಲಿ ಅದು ಮರಕ್ಕೆ ಗಟ್ಟಿಯಾಗಿ ಅಂಟಿದೆಯೋ ಅಲ್ಲಿಯವರೆಗೆ ಮಾತ್ರ, ಹರಿತವಾದ ಉಳಿಯಿಂದ ಬಿಡಿಸಿದೆ. ಅದಕ್ಕಿಂತ ಒಂದು ಕೂದಲೆಳೆ ಒಳಗೆ ಹೋಗಬಾರದು. ಗಾಯಕ್ಕೆ ಏನೂ ಹಚ್ಚಲಿಲ್ಲ. ಸಂಜೆ ಬಿಸಿಲು ಬೀಳದಂತೆ ಪಡುವಣ ಬದಿಗೆ, ಕಾಂಡಕ್ಕೆ ತಾಗದಂತೆ, ಗೋಣಿತಾಟಿನ ಪರದೆ ಇಳಿಬಿಟ್ಟೆ. ಜನ ಬುಡಕ್ಕೇ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ನೀರು ಕುಡಿಯುವ ಬೇರು ಬುಡದಲ್ಲಿ ಇರುವುದಿಲ್ಲ, ಕೊಂಬೆಗಳ ನೆರಳು ಮುಗಿಯುವ ಕಡೆ ಇರುತ್ತದೆ. ಅಲ್ಲಿ ಪಾತಿ ಮಾಡಿಸಿ, ನೀರು ಬಿಡಿಸಿ, ಮೇಲೆ ಹೊಂಗೆಸೊಪ್ಪು ಹೊದಿಸಿದೆವು. ಹಸಿ ಕೊಂಬೆ ಒಂದನ್ನೂ ಕಡಿಯಲು ಬಿಡಲಿಲ್ಲ. ಮರ ತನ್ನ ಗಾಯ ತುಂಬಿಕೊಳ್ಳುವುದು ಎಲೆಯ ಅಡುಗೆಯಿಂದ. ಗೊಬ್ಬರವನ್ನೂ ಹಾಕಲಿಲ್ಲ. ನೀರು ಕಟ್ಟುವ ಕೆಲಸವೆಲ್ಲ ಚಿಕ್ಕಮಾದನದು. ಅವನಿಗೆ ಬೇರೆ ಕೆಲಸವೂ ಇರಲಿಲ್ಲ.

ಆಮೇಲೆ ಕಾಯುವುದು. ಬದುಕುವ ಮರವಾದರೆ ಗಾಯದ ಅಂಚಿನಲ್ಲಿ ಸ್ವಲ್ಪ ದಿನಕ್ಕೆ ಮಂದವಾದ ಏಣು, ಹೊಸ ತೊಗಟೆಯ ಉಬ್ಬು, ಏಳುತ್ತದೆ. ಮುಚ್ಚಿದ ತುಟಿಯ ಹಾಗೆ ಇರುತ್ತದೆ, ಮುಟ್ಟಿದರೆ ತಣ್ಣಗೆ. ಅದು ಎದ್ದರೆ ಮರ ಮನಸ್ಸು ಮಾಡಿದೆ ಎಂದು ಅರ್ಥ.

ಏಣು ಏಳಲಿಲ್ಲ. ಒಳ್ಳೆಯ ಮಳೆ ಬಿದ್ದಿತ್ತು, ಮೇಲೆ ಎಲೆ ಚಿಗುರಿತ್ತು, ಆದರೆ ನಾನು ಹೋದಾಗಲೆಲ್ಲ ಅಂಚು ಹೊಸದಾಗಿ ಕಿತ್ತಂತೆ ಇರುತ್ತಿತ್ತು. ಗೋಣಿಮರದ ಬಿಳಿ ಹಾಲು ಒಸರಿ ಹೆಪ್ಪುಗಟ್ಟಿರುತ್ತಿತ್ತು. ಬೋಳು ಪಟ್ಟಿ ಕಿರಿದಾಗುವ ಬದಲು ಅಗಲವಾಗುತ್ತಿತ್ತು. ಮೇಕೆ ಎಂದುಕೊಂಡೆ. ಆದರೆ ಆಳೆತ್ತರದಲ್ಲೂ ಕಿತ್ತಿತ್ತು. ಕೀಟವೆಂದು ನೋಡಿದೆ, ಕೊರೆದ ಹುಡಿ ಬಿದ್ದಿರಲಿಲ್ಲ. ಚಿಕ್ಕಮಾದನನ್ನು ಕೇಳಿದರೆ ನೆಲ ನೋಡಿ, ಗೊತ್ತಿಲ್ಲ ಸಾ ಎನ್ನುತ್ತಿದ್ದ. ಹೀಗೇ ಹೋದರೆ ಪಟ್ಟಿ ಕಾಂಡವನ್ನು ಪೂರ್ತಿ ಸುತ್ತುವರಿಯುತ್ತದೆ, ಆಮೇಲೆ ಎಷ್ಟು ನೀರು ಬಿಟ್ಟರೂ ಮರ ಉಳಿಯುವುದಿಲ್ಲ. ಸಿಡಿಲು ಬಿಟ್ಟ ಮರವನ್ನು ಬೇರೆ ಯಾರೋ ಕೊಲ್ಲುತ್ತಿದ್ದರು, ಅದರ ಲೆಕ್ಕವೂ ಚಿಕ್ಕಮಾದನ ಹೆಸರಿಗೇ ಸೇರುತ್ತಿತ್ತು.

ಪಾತಿಗೆ ಹೊದಿಸಲು ರಾಗಿಹುಲ್ಲು ಬೇಕಾಗಿ ಒಂದು ದಿನ ನಂಜುಂಡಪ್ಪನವರ ಮನೆಗೆ ಹೋದೆ. ಅವರು ಹೊಲದಲ್ಲಿದ್ದರು. ಹೆಂಡತಿ ಗೌರಮ್ಮನವರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಜಗಲಿಯ ಕಂಬಕ್ಕೆ ಎಳೆಗರು ಕಟ್ಟಿತ್ತು. ಅದರ ಕೊರಳಿನ ಕರಿದಾರದಲ್ಲಿ ಹೆಬ್ಬೆರಳಿನಷ್ಟು ತೊಗಟೆಯ ಚೂರು. ನನಗೆ ಗೋಣಿಮರದ ತೊಗಟೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅದರ ಕಡಿದ ಕಡೆ ಹಾಲು ಇನ್ನೂ ಮೇಣದಂತೆ ಮೆತ್ತಗಿತ್ತು. ಏನಮ್ಮ ಇದು ಎಂದು ಕೇಳಿದೆ.

"ಸಿಡ್ಲು ಬಡ್ದ ಮರದ ಚಕ್ಕೆ ಕಣ್ರಿ. ಕಟ್ಟಿದ್ರೆ ಕರ ಬೆಚ್ಚಲ್ಲ."

ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಒಳಗೆ ಮೊಮ್ಮಗುವಿನ ತೊಟ್ಟಿಲಿಗೂ ಒಂದು ಕಟ್ಟಿದ್ದರು. ಊರಿನ ಎಲ್ಲರ ಮನೆಯಲ್ಲೂ ಇದೆ, ಬೆಟ್ಟಕ್ಕೆ ಹೋಗುವವರೂ ಒಂದೊಂದು ಚೂರು ಕಿತ್ತುಕೊಂಡು ತಮ್ಮ ಊರಿಗೆ ಒಯ್ಯುತ್ತಾರೆ, ಆ ಕಡೆಯ ತಮಿಳು ಊರುಗಳವರೂ ಕೇಳಿಕೊಂಡು ಬರುತ್ತಾರೆ ಎಂದರು. ಸಿಡಿಲನ್ನು ತಾಳಿಕೊಂಡ ಮರವಲ್ಲವೇ, ಅದರ ಒಂದು ಚೂರು ಮನೆಯಲ್ಲಿದ್ದರೆ ಸಿಡಿಲು ಆ ಮನೆಯನ್ನು ಬಿಡುತ್ತದೆ.

ನಾನು ಹುಲ್ಲಿನ ಮಾತು ಮರೆತು ಮರದ ಹತ್ತಿರ ಬಂದೆ. ಬಂದ ಸಿಟ್ಟೆಲ್ಲ ಚಿಕ್ಕಮಾದನ ಮೇಲೆ ಹೋಯಿತು. ದಿನವೂ ಎದುರಿಗೇ ಕೂತಿರುತ್ತೀಯ, ಕೀಳುವವರನ್ನು ಕಣ್ಣಾರೆ ನೋಡಿದ್ದೀಯ, ನನಗೆ ಒಂದು ಮಾತು ಹೇಳಬಾರದಾಗಿತ್ತೇ, ನಿನ್ನ ಅನ್ನದ ಮರವಲ್ಲವೇ ಎಂದೆ. ಅವನು ಹೇಳಿದ.

"ನಾ ಬ್ಯಾಡ ಅನ್ನಕ್ಕೆ ಯಾವನು ಸಾ? ಸಿಡ್ಲು ಕರ್ದೋನು ಅಂತ ಒಂದು ಹೆಸರಾಗದೆ. ಮಕ್ಕಳಿಗೆ ಚಕ್ಕೇನೂ ಕೊಡ್ನಿಲ್ಲ ಅಂತ ಇನ್ನೊಂದ ಸೇರುಸ್ಕಳನಾ? ನಿಮ್ಗೆ ಏಳುದ್ರೆ ನೀವು ಓಗಿ ಬೈತೀರ. ಏಳ್ದೋನು ಯಾರು ಅಂತ ಅವರು ಕೇಳಲ್ವಾ?"

ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಪುಸ್ತಕದಲ್ಲಿ ಮರಕ್ಕೆ ಬರುವ ಕಾಯಿಲೆಗಳ ಕಾರಣಗಳಿವೆ, ಬಿಸಿಲು, ಗಾಳಿ, ಶಿಲೀಂಧ್ರ, ಹುಳು. ಒಬ್ಬ ಮನುಷ್ಯನಿಗೆ ಬೇಡ ಎನ್ನುವ ಅಧಿಕಾರ ಇಲ್ಲದಿರುವುದೂ ಒಂದು ಕಾರಣವೆಂದು ಯಾವ ಅಧ್ಯಾಯದಲ್ಲೂ ಓದಿರಲಿಲ್ಲ.

ಮುಟ್ಟಬಾರದು ಎಂದು ಒಂದು ಹಲಗೆ ಬರೆಸಿ ಹಾಕಿದೆ. ಓದಲು ಬಾರದವರು ಅದನ್ನು ಹಿಡಿದು ನಿಂತು ಚಕ್ಕೆ ಕಿತ್ತರು, ಓದಲು ಬರುವವರೂ ಕಿತ್ತರು. ಸುತ್ತ ಮುಳ್ಳು ಹಾಕಿಸಿದರೆ ಬರಿಗಾಲಿನ ಯಾತ್ರಿಕರಿಗೆ ಚುಚ್ಚಿತು ಎಂದು ದೂರು ಹೋಯಿತು. ನಾನೇ ತೆಗೆಸಿದೆ. ಕೊನೆಗೆ ಮತ್ತೆ ಗೌರಮ್ಮನವರ ಹತ್ತಿರವೇ ಹೋದೆ. ಅವತ್ತು ಸಿಡಿಲು ಎಸೆದ ಚಕ್ಕೆಗಳನ್ನು ಯಾರು ಆರಿಸಿದ್ದು ಎಂದು ವಿಚಾರಿಸಿದೆ. ಚಿಕ್ಕಮಾದನ ಹೆಂಡತಿ ಸೌದೆಗಾಗುತ್ತದೆಂದು ಆರಿಸಿದ್ದಳಂತೆ. ಸಿಡಿಲು ಮುಟ್ಟಿದ್ದನ್ನು ಒಲೆಗೆ ಹಾಕಬಾರದು ಎಂದು ಯಾರೋ ಅಂದದ್ದರಿಂದ ಅದು ಹಾಗೇ ಮೂಟೆಯಲ್ಲಿ ಬಿದ್ದಿತ್ತು.

"ಆ ಚಕ್ಕೆ ಆಗಲ್ವೇನಮ್ಮ? ಸಿಡಿಲು ಹೊಡೆದದ್ದು ಅದಕ್ಕೇ. ಈಗ ನೀವು ಕೀಳ್ತಿರೋದು ಸಿಡಿಲು ಬಿಟ್ಟು ಹೋದ ತೊಗಟೆ."

ಗೌರಮ್ಮನವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಯೋಚನೆ ಮಾಡಿದರು.

"ಅದೂ ದಿಟವೇಯ. ನಾವು ಕಟ್ಟಿರೋದು ಸಿಡ್ಲು ಮುಟ್ಟದೆ ಇರೋದ್ನ ಅಂದಂಗಾಯ್ತು."

ಕರುವಿನ ಕೊರಳಿನದನ್ನು ಅವರು ಅವತ್ತೇ ಬಿಚ್ಚಿದರು. ನೀರಿಗೆ ಹೋದ ಕಡೆ ಮಾತು ಹರಡಿತು. ಚಿಕ್ಕಮಾದ ಮೂಟೆಯನ್ನು ತಂದು ತನ್ನ ಪಕ್ಕದಲ್ಲಿಟ್ಟುಕೊಂಡು, ಕೇಳಿದವರಿಗೆ ಒಂದೊಂದು ಚೂರು ಕೊಡತೊಡಗಿದ. ಮೂಟೆಯಲ್ಲಿದ್ದದ್ದು ದೊಡ್ಡ ದೊಡ್ಡ ಚಕ್ಕೆಗಳು, ಹೆಬ್ಬೆರಳಿನಷ್ಟು ಮುರಿದುಕೊಟ್ಟರೆ ಆ ಮಳೆಗಾಲಕ್ಕೆ ಸಾಕಾಗುವಷ್ಟಿತ್ತು. ಮುಖ ಕೊಟ್ಟು ಮಾತಾಡದಿದ್ದವರೂ ಈಗ ಅವನ ಮುಂದೆ ಬಂದು ಕೈಯೊಡ್ಡಬೇಕಾಯಿತು. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು, "ಏನ್ಲಾ ಮಾದ, ಸಿಡ್ಲುಗೇ ಏಜೆಂಟ್ ಆಗ್ಬುಟ್ಟಲ್ಲ" ಎಂದ. ಆ ತಿಂಗಳುಗಳಲ್ಲಿ ಚಿಕ್ಕಮಾದ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾಲೇಜಿನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಮಾಡಿದ್ದವನು ನಾನು. ಆ ಚಕ್ಕೆಯಿಂದ ಯಾರಿಗಾದರೂ ಏನಾದರೂ ಆಗುತ್ತದೆ ಎಂದು ನಾನು ಹೇಳಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. ಹೊಸಬರು ನಾನು ಮಾಡಿದ್ದು ಸರಿಯೇ ಎಂದು ಕೇಳಬಹುದು. ಮರದ ಮಟ್ಟಿಗೆ ಬೇರೆ ದಾರಿ ನನಗೆ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲೆ.

ಆಮೇಲೆ ನಾನು ಕೌದಳ್ಳಿಯ ಕಡೆಗೆ ಹೋಗುವುದು ಸ್ವಲ್ಪ ತಡವಾಯಿತು. ಹೋದಾಗ ಪರದೆ ಸರಿಸಿ ಕೈಯಾಡಿಸಿದೆ. ಅಂಚಿನ ಉದ್ದಕ್ಕೂ, ಎರಡೂ ಬದಿಗೆ, ಏಣು ಎದ್ದಿತ್ತು. ನಸು ಹಸಿರು, ನುಣುಪು, ತಣ್ಣಗೆ. ಕೆಲವು ಕಡೆ ಹಳೆಯ ಕಿತ್ತ ಗುರುತನ್ನು ಆಗಲೇ ಮಡಚಿ ಒಳಗೆ ಹಾಕಿಕೊಳ್ಳುತ್ತಿತ್ತು. ನಾನು ಚಿಕ್ಕಮಾದನ ಕೈ ಹಿಡಿದು ಅದರ ಮೇಲೆ ಇಡಿಸಿದೆನೆಂದು ನೆನಪು. ಬಹುಶಃ ಅವನೇ ಇಟ್ಟಿದ್ದಿರಬೇಕು, ಅವನು ದಿನವೂ ಅಲ್ಲೇ ಇದ್ದವನು.

ದೀಪಾವಳಿಗೆ ಮುಂಚೆ ಇಂಜಿನಿಯರು ಜೀಪಿನಲ್ಲಿ ಬಂದರು. ಮರ ಕಡಿಯುತ್ತಾರೋ ಬಿಡುತ್ತಾರೋ ನೋಡಲು ಊರಿನವರು ಕೆಲವರು ಸೇರಿದ್ದರು. ನಂಜುಂಡಪ್ಪನವರೂ ಬಂದು ದೂರದಲ್ಲಿ ನಿಂತರು. ಸತ್ತ ಎತ್ತಿನ ಜೊತೆಯದನ್ನೂ, ಅದಕ್ಕೆ ಹೊಂದಿಸಲು ಹೊಸದಾಗಿ ತಂದದ್ದನ್ನೂ ತಾವೇ ಹಿಡಿದುಕೊಂಡಿದ್ದರು, ಹೊಲದಿಂದ ಬರುತ್ತಿದ್ದರೆಂದು ಕಾಣುತ್ತದೆ. ಇಂಜಿನಿಯರು ಕಾಂಡವನ್ನು ಗುದ್ದಿ ನೋಡಿದರು, ಮೇಲೆ ನೋಡಿದರು, ಏಣನ್ನು ಉಗುರಿನಿಂದ ಗೀರಿ ಹಾಲು ಬಂದದ್ದನ್ನು ನೋಡಿದರು. ಇರಲಿ ಬಿಡಿ ಎಂದರು. ಆದರೆ ಏನು ಮಾಡಿದ್ದರಿಂದ ಉಳಿಯಿತು ಎಂದು ಒಂದು ಸಾಲಿನಲ್ಲಿ ಬರೆದುಕೊಡಿ, ಬೇರೆ ಕಡೆಯೂ ಮಾಡಬಹುದು ಎಂದು ಕೇಳಿದರು.

ಅಲ್ಲಿ ನಾನು ಸಿಕ್ಕಿಬಿದ್ದೆ. ನೀರೋ, ಪರದೆಯೋ, ಕೀಳುವುದು ನಿಂತದ್ದೋ, ಆ ವರ್ಷದ ಒಳ್ಳೆಯ ಮಳೆಯೋ, ಗೋಣಿಮರದ ಜಾತಿಯೇ ಗಟ್ಟಿಯೋ? ಹೋಲಿಸಿ ನೋಡಲು ಎರಡನೆಯ ಮರವಿರಲಿಲ್ಲ. ಮಾಡಿದ್ದನ್ನೆಲ್ಲ ಬರೆದು, ಕೊನೆಗೆ, ಮರ ಉಳಿದಿದೆ, ಇವುಗಳಲ್ಲಿ ಯಾವುದರಿಂದ ಎಂದು ಹೇಳಲಾರೆ ಎಂದು ಬರೆದುಕೊಟ್ಟೆ. ಇಂಜಿನಿಯರು ಓದಿ ನನ್ನ ಮುಖ ನೋಡಿ ಜೀಪು ಹತ್ತಿದರು. ಇಂಥ ಸಾಲನ್ನು ತಾವು ಸರ್ಕಾರಿ ಕಾಗದದ ಮೇಲೆ ನೋಡಿರಲಿಲ್ಲ ಎಂದು ವರದನ್ ಆಮೇಲೆ ಬಹಳ ದಿನ ಹೇಳುತ್ತಿದ್ದರು.

ಜೀಪು ಹೋದ ಮೇಲೂ ಜನ ಚದುರಲಿಲ್ಲ. ಮರ ಉಳಿಯಿತು ಎಂದು ಗೊತ್ತಾಗಿತ್ತು. ಚಿಕ್ಕಮಾದನ ವಿಷಯ ಹಾಗೇ ಇತ್ತು. ಅವನ ಮುಂದೆ ಆ ಮಳೆಗಾಲವಿಡೀ ಊರಿನ ಎತ್ತು ಒಂದೂ ಮಲಗಿರಲಿಲ್ಲ. ಚಕ್ಕೆ ಇಸಿದುಕೊಂಡವರೂ ಲಾಳಕ್ಕೆ ಹನೂರಿಗೇ ಹೋಗುತ್ತಿದ್ದರು. ನಂಜುಂಡಪ್ಪನವರು ಎತ್ತುಗಳನ್ನು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಚಿಕ್ಕಮಾದ ಎದ್ದು ನಿಂತ. ಅವರು ಅವನನ್ನು ನೋಡಲಿಲ್ಲ.

"ಸಾಮಿ, ನೀವು ಓದಿರೋರು. ಎಲ್ಲರ ಮುಂದೇನೇ ಏಳ್ಬುಡಿ. ಕಬ್ಬಿಣ ಸಿಡ್ಲ ಕರೀತೋ, ಇಲ್ವೋ?"

ಇಲ್ಲ ಎಂದು ಹೇಳಿಬಿಡಬಹುದಿತ್ತು. ಅಲ್ಲಿ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ. ಒಬ್ಬನ ಬದುಕು ಆ ಒಂದು ಪದದ ಮೇಲೆ ನಿಂತಿತ್ತು. ಆದರೆ ಎತ್ತರದ ಒಂಟಿ ಮರಕ್ಕೆ ಸಿಡಿಲು ಹೊಡೆಯಲು ಮೊಳೆ ಬೇಕಾಗಿಲ್ಲ ಎಂಬುದು ನನಗೆ ಗೊತ್ತಿತ್ತೇ ಹೊರತು, ಆ ಸಂಜೆ ಆ ಮರದಲ್ಲಿ ಏನಾಯಿತೆಂದು ಗೊತ್ತಿರಲಿಲ್ಲ. ಪಟ್ಟಿ ಈ ಬದಿಗಿದೆ, ಮೊಳೆ ಆ ಬದಿಗಿದೆ ಎಂದು ತೋರಿಸಿದೆ. ಮೊಳೆಯೇ ಇಲ್ಲದ ಎಷ್ಟೋ ಮರಗಳಿಗೆ ಹೊಡೆದಿದೆ ಎಂದೆ.

"ಅದಲ್ಲ ಸಾಮಿ. ಈ ಮರದ್ದು ಏಳಿ."

"ಈ ಮರದ್ದು ನನಗೆ ಗೊತ್ತಿಲ್ಲ ನಂಜುಂಡಪ್ಪನವರೇ."

"ಓದಿರೋರ್ಗೂ ಗೊತ್ತಿಲ್ವಾ?"

"ಗೊತ್ತಿಲ್ಲ. ಗೊತ್ತಿದೆ ಅಂದ್ರೆ ಸುಳ್ಳಾಗ್ತದೆ."

ಚಿಕ್ಕಮಾದ ತಲೆ ತಗ್ಗಿಸಿದ್ದನ್ನು ನೋಡಿದೆ. ಅವನನ್ನು ಕೈಬಿಟ್ಟೆ ಎಂದೇ ನನಗೆ ಅನ್ನಿಸಿತು. ನಂಜುಂಡಪ್ಪನವರು ಮರದ ಎರಡೂ ಬದಿಯನ್ನು ನೋಡಿದರು. ಪಡುವಣಕ್ಕೆ ಹೋಗಿ ಪಟ್ಟಿಯ ಎದುರು ನಿಂತರು, ಸುತ್ತಿ ಬಂದು ಲಾಳಗಳ ಎದುರು ನಿಂತರು. ಹೊಸ ಎತ್ತು ಹಗ್ಗ ಜಗ್ಗಿತು, ಅವರು ಹಿಡಿದೇ ಇದ್ದರು.

"ನಂಗೆ ಗೊತ್ತದೆ ಅಂತ ಇಷ್ಟು ದಿನ ಊರ್ಗೆಲ್ಲ ಏಳ್ಕಂಡು ಬಂದೆ" ಎಂದರು, ನಮಗಲ್ಲ, ಮರಕ್ಕೆ ಹೇಳುವಂತೆ. "ನಿಮಗೇ ಗೊತ್ತಿಲ್ಲ ಅಂದ್ಮೇಕೆ, ನಂಗೂ ಗೊತ್ತಿಲ್ಲ."

ಅವರು ಹೀಗೇ ಹೇಳಿದರೋ, ಇಷ್ಟು ವರ್ಷ ನೆನೆದು ನೆನೆದು ನಾನೇ ಆ ಮಾತನ್ನು ನೇರ ಮಾಡಿಕೊಂಡಿದ್ದೇನೋ, ಹೇಳಲಾರೆ. ಆದರೆ ಆಮೇಲೆ ನಡೆದದ್ದರಲ್ಲಿ ನನಗೆ ಸಂದೇಹವಿಲ್ಲ, ಅದನ್ನು ಅಲ್ಲಿದ್ದವರೆಲ್ಲ ನೋಡಿದರು. ಅವರು ಹೊಸ ಎತ್ತಿನ ಹಗ್ಗವನ್ನು ಚಿಕ್ಕಮಾದನ ಕಡೆಗೆ ಚಾಚಿದರು.

"ಇಡ್ಕೊಳಲಾ. ಮುಂಗಾಲ್ದು ಸವ್ದೋಗದೆ."

ಚಿಕ್ಕಮಾದ ಹಗ್ಗ ತೆಗೆದುಕೊಂಡ. ಎತ್ತು ಅವನಿಗೆ ಹೊಸದು, ಅವನ ವಾಸನೆ ಎತ್ತಿಗೆ ಹೊಸದು. ಅವನು ಅದರ ಮೈ ಸವರಿ, ಕಾಲುಗಳಿಗೆ ಹಗ್ಗ ಸುತ್ತಿ, ಮೆಲ್ಲಗೆ ನೆರಳಿಗೆ ನಡೆಸಿಕೊಂಡು ಹೋಗಿ ಕೆಡವಿದ. ನಂಜುಂಡಪ್ಪನವರು ಮಂಡಿಯೂರಿ ಕೂತು ಅದರ ತಲೆ ಹಿಡಿದುಕೊಂಡರು.